ಅಮೆರಿಕದಲ್ಲಿ ಬ್ಲ್ಯಾಕ್ ಗಂಡಸರು ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಜಾಸ್ತಿ ಸಾಯೋದು ಯಾಕೆ? ಜೀನಾ, ದುಡ್ಡಾ?

ಅಟ್ಲಾಂಟಾ_ಕನ್ನಡಿಗ

ನಮಸ್ಕಾರ ಎಲ್ರಿಗೂ, ಸ್ವಲ್ಪ ಉದ್ದ ಆಗತ್ತೆ, ಓದಿ ಪ್ಲೀಸ್. ನಾನು ಅಟ್ಲಾಂಟಾ ಹತ್ರ ಒಂದು ವೇರ್‌ಹೌಸ್ ಕಂಪನಿಯಲ್ಲಿ ಐಟಿ ಕಡೆ ಇದೀನಿ. ಕೆಳಗಡೆ ಫ್ಲೋರ್‌ನಲ್ಲಿ ಫೋರ್ಕ್‌ಲಿಫ್ಟ್ ಓಡ್ಸೋ ಒಬ್ರು ಬ್ಲ್ಯಾಕ್ ಫ್ರೆಂಡ್ ಇದಾರೆ, 58 ವರ್ಷ, ಒಂಬತ್ತು ವರ್ಷದಿಂದ ಮಧ್ಯಾಹ್ನದ ಊಟ ಇಬ್ರೂ ಒಟ್ಟಿಗೇ, ನನ್ನ ಡಬ್ಬೀಲಿ ಪುಳಿಯೋಗರೆ ಇದ್ರೆ ಅರ್ಧ ಅವರಿಗೇ. ಹೋದ ವರ್ಷದಿಂದ ಸೊಂಟ ನೋವು ಸೊಂಟ ನೋವು ಅಂತಿದ್ರು, ದಿನಾ ಗಾಡಿ ಮೇಲೆ ಕೂತು ಕುಲುಕಾಡೋ ಕೆಲಸ ಅಲ್ವಾ ಅದಕ್ಕೇ ಇರ್ಬೇಕು ಅಂತ ನಾನೂ ಅಂದ್ಕೊಂಡೆ, ಅವರೂ ಮಾತ್ರೆ ನುಂಗ್ಕೊಂಡು ಕೆಲ್ಸಕ್ಕೆ ಬರ್ತಾನೇ ಇದ್ರು. ಕೊನೆಗೆ ಒಂದಿನ ಮೆಟ್ಲು ಹತ್ತೋಕಾಗ್ದೆ ಕೂತ್ಬಿಟ್ರು. ಸ್ಕ್ಯಾನ್ ಮಾಡಿದ್ರೆ ಬೆನ್ನುಮೂಳೆಗೂ ಸೊಂಟದ ಮೂಳೆಗೂ ಹರಡಿರೋ ಪ್ರಾಸ್ಟೇಟ್ ಕ್ಯಾನ್ಸರ್.

ನನಗೆ ಚುಚ್ತಾ ಇರೋದೇನಂದ್ರೆ, ನಂಗೆ 52, ವರ್ಷಕ್ಕೊಂದ್ಸಲ ಚೆಕಪ್‌ಗೆ ಹೋದ್ರೆ ಡಾಕ್ಟ್ರು ನಾನು ಕೇಳ್ದೇನೇ, ಪ್ರಾಸ್ಟೇಟ್ ಗ್ರಂಥಿ ತೊಂದ್ರೆಯ ಸುಳಿವು ಕೊಡೋ ರಕ್ತದ ಪಿಎಸ್‌ಎ ಟೆಸ್ಟ್ ಬರ್ದುಕೊಡ್ತಾರೆ. ಅದೇ ಬಿಲ್ಡಿಂಗ್‌ನಲ್ಲಿ ಕೆಲ್ಸ ಮಾಡೋ ಅವರಿಗೆ ಆ ಟೆಸ್ಟ್ ಒಂದಿದೆ ಅಂತ ಯಾರೂ ಹೇಳೇ ಇಲ್ಲ. ಅವರು ಏಜೆನ್ಸಿ ಮೂಲಕ ಕಾಂಟ್ರ್ಯಾಕ್ಟ್, ಇನ್ಶೂರೆನ್ಸ್ ಹೆಸರಿಗಿದೆ ಅಷ್ಟೇ, ಮೊದಲ ಸಾವಿರಾರು ಡಾಲರ್ ಕೈಯಿಂದಾನೇ. ನಮ್ಮೋರೇ ಒಬ್ರು "ಅದು ಅವರ ಜೀನ್‌ನಲ್ಲೇ ಇದೆ ಬಿಡಿ" ಅಂದ್ಬಿಟ್ರು, ಸಿಟ್ಟು ಬಂತು, ಆದ್ರೆ ಉತ್ರ ಗೊತ್ತಿರ್ಲಿಲ್ಲ. ನಿಜವಾಗ್ಲೂ ಏನು? ಈಗ ಅವರಿಗೆ ಏನಾದ್ರೂ ಮಾಡ್ಬಹುದಾ?

ಅಂಕಿಅಂಶದವಳು

ನಾನು ನಾರ್ತ್ ಕ್ಯಾರೊಲೈನಾದಲ್ಲಿ ಟ್ರಯಲ್, ಅಂದ್ರೆ ರೋಗಿಗಳ ಮೇಲೆ ಚಿಕಿತ್ಸೆ ಪರೀಕ್ಷೆ ಮಾಡೋ ಅಧ್ಯಯನಗಳ, ಡೇಟಾ ಕೆಲಸ ಮಾಡ್ತೀನಿ, ಈ ಪ್ರಶ್ನೆ ನನಗೂ ತುಂಬಾ ದಿನದ್ದು. ಎರಡು ಬೇರೆ ಬೇರೆ ವಿಷ್ಯ ಇದೆ, ಜನ ಕಲಸಿಬಿಡ್ತಾರೆ: ಕಾಯಿಲೆ ಬರೋದು ಒಂದು, ಬಂದ್ಮೇಲೆ ಎಷ್ಟು ದಿನ ಬದುಕ್ತಾರೆ ಅನ್ನೋದು ಇನ್ನೊಂದು. ಬ್ಲ್ಯಾಕ್ ಗಂಡಸರಿಗೆ ಬಿಳಿಯರಿಗಿಂತ ಸುಮಾರು 1.7 ಪಟ್ಟು ಜಾಸ್ತಿ ಬರತ್ತೆ, ಜೀವಮಾನದಲ್ಲಿ ಆರರಲ್ಲಿ ಒಬ್ರಿಗೆ, ಎಲ್ಲ ಗಂಡಸರನ್ನೂ ಸೇರಿಸಿದ್ರೆ ಎಂಟರಲ್ಲಿ ಒಬ್ರಿಗೆ. ಆದ್ರೆ ಸಾವು ಸುಮಾರು ಎರಡು ಪಟ್ಟು. ಆ ಹೆಚ್ಚುವರಿ ವ್ಯತ್ಯಾಸ ಎಲ್ಲಿಂದ ಬಂತು ಅಂತ ಕೇಳ್ಬೇಕು.

2019ರಲ್ಲಿ ಎರಡು ಪೇಪರ್ ಬಂದ್ವು, ಎರಡೂ ನಿಮ್ಮ ಆ ಪರಿಚಯದವರಿಗೆ ಉತ್ರ. ಒಂದ್ರಲ್ಲಿ ಸುಸಾನ್ ಹಲಾಬಿ ಅವರ ತಂಡ ಒಂಬತ್ತು ದೊಡ್ಡ ಟ್ರಯಲ್‌ಗಳ ಡೇಟಾ ಒಟ್ಟಿಗೆ ನೋಡಿದ್ರು, ಎಲ್ರಿಗೂ ಕಾಯಿಲೆ ಹರಡಿತ್ತು, ಹಾರ್ಮೋನ್ ಔಷಧಿಗೂ ಬಗ್ಗದ ಹಂತ, ಎಲ್ರಿಗೂ ಡೋಸಿಟ್ಯಾಕ್ಸೆಲ್ ಕೀಮೋ. ಬ್ಲ್ಯಾಕ್ ರೋಗಿಗಳು ಮಧ್ಯಮ ಲೆಕ್ಕದಲ್ಲಿ (ಅರ್ಧ ಜನ ಅದಕ್ಕಿಂತ ಜಾಸ್ತಿ, ಅರ್ಧ ಜನ ಕಡಿಮೆ) 21.0 ತಿಂಗಳು ಬದುಕಿದ್ರು, ಬಿಳಿಯರು 21.2. ಒಂದೇ! ವಯಸ್ಸು, ಪಿಎಸ್‌ಎ ಇತ್ಯಾದಿ ಸರಿದೂಗಿಸಿ ನೋಡಿದ್ರೆ ಸಾವಿನ ರಿಸ್ಕ್ ಬ್ಲ್ಯಾಕ್ ರೋಗಿಗಳಿಗೇ 19% ಕಡಿಮೆ. ಇನ್ನೊಂದು ರಾಬರ್ಟ್ ಡೆಸ್ ಅವರದ್ದು, ಅದರಲ್ಲಿ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಗಳ, ಅಂದ್ರೆ ವಿಎ ಡೇಟಾನೂ ಇತ್ತು. ದುಡ್ಡು ಇದ್ರೂ ಇಲ್ದಿದ್ರೂ ಒಂದೇ ಬಾಗಿಲು ಇರೋ ಅಂಥ ಕಡೆ, ಅದೇ ಹಂತದ ಕಾಯಿಲೆಯಲ್ಲಿ, ಬ್ಲ್ಯಾಕ್ ಅನ್ನೋ ಕಾರಣಕ್ಕೆ ಸಾವು ಜಾಸ್ತಿ ಆಗಿರ್ಲಿಲ್ಲ.

ಆದ್ರೆ ಹಲಾಬಿ ಅವರ ಆ ಎಂಟು ಸಾವಿರಕ್ಕೂ ಹೆಚ್ಚು ಜನರಲ್ಲಿ ಬ್ಲ್ಯಾಕ್ ರೋಗಿಗಳು ಬರೀ 500, ಅಂದ್ರೆ 6%. ಟ್ರಯಲ್‌ ಒಳಗೆ ಕಾಲಿಟ್ಟವರು ಉಳಿದವರಷ್ಟೇ ಬದುಕ್ತಾರೆ, ಕಾಲಿಡೋಕೇ ಬಿಡದವರು ಹೊರಗೆ ಸಾಯ್ತಾರೆ. ಸ್ಕ್ರೀನಿಂಗ್, ಅಂದ್ರೆ ಲಕ್ಷಣ ಇಲ್ದಾಗ್ಲೇ ಟೆಸ್ಟ್ ಮಾಡೋದು, ಅದರ ಕಥೆನೂ ಹೀಗೇ. 2012ರಲ್ಲಿ ಸರ್ಕಾರಿ ತಜ್ಞರ ಸಮಿತಿ ಪಿಎಸ್‌ಎ ಯಾರಿಗೂ ಬೇಡ ಅಂತು, ಅವರು ನೆಚ್ಚಿಕೊಂಡ ಅಮೆರಿಕದ ಟ್ರಯಲ್‌ನಲ್ಲಿ ಬ್ಲ್ಯಾಕ್ ಗಂಡಸರು ಸುಮಾರು 4% ಅಷ್ಟೇ. 2018ರಲ್ಲಿ ಬದಲಾಯ್ಸಿ 55ರಿಂದ 69ರೊಳಗಿನವರು ಡಾಕ್ಟ್ರ ಜೊತೆ ಮಾತಾಡಿ ನಿರ್ಧಾರ ಮಾಡ್ಲಿ ಅಂದ್ರು. ಮಾತಾಡೋಕೆ ಒಬ್ಬ ಖಾಯಂ ಡಾಕ್ಟ್ರು ಇರ್ಬೇಕಲ್ವಾ, ನಿಮ್ಮ ಫ್ರೆಂಡ್‌ಗೆ ಇದ್ರಾ? ಗ್ರಂಥಿಯೊಳಗೇ ಇದ್ದಾಗ ಸಿಕ್ರೆ ಐದು ವರ್ಷ ಬದುಕೋರು ಹತ್ರ ಹತ್ರ 100%, ಮೂಳೆಗೆ ಹೋದ್ಮೇಲೆ ಮೂರರಲ್ಲಿ ಒಂದು ಪಾಲು.

ಜೀವಕೋಶ

ಮೇಲಿನವರು ಬರೆದಿದ್ದು ಒಪ್ತೀನಿ, ಆದ್ರೆ ಜೀನ್ ಸುಳ್ಳು ಅಂತ ಯಾರೂ ಓದ್ಕೋಬೇಡಿ. 8ನೇ ಕ್ರೋಮೋಸೋಮ್‌ನ 8ಕ್ಯೂ24 ಅನ್ನೋ ಜಾಗದಲ್ಲಿ ರಿಸ್ಕ್ ಹೆಚ್ಚಿಸೋ ಬದಲಾವಣೆಗಳಿವೆ, ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಕೆಲವು ಜಾಸ್ತಿ ಕಾಣ್ಸತ್ತೆ. ಕಾಯಿಲೆ ಚಿಕ್ಕ ವಯಸ್ಸಿಗೇ ಶುರುವಾಗೋದೂ ನಿಜ. ಹಾಗಿದ್ರೆ ಅವರನ್ನ ಬೇಗ ಟೆಸ್ಟ್ ಮಾಡ್ಬೇಕಿತ್ತು, ಆಗಿದ್ದು ಉಲ್ಟಾ. "ಜೀನ್‌ನಲ್ಲೇ ಇದೆ" ಅನ್ನೋದು ಇನ್ನೂ ಬೇಗ ನೋಡೋಕೆ ಕಾರಣ, ಕೈ ಬಿಡೋಕಲ್ಲ.

ಹುಬ್ಬಳ್ಳಿ_ಮಂದಿ

ಅಣ್ಣಾರ, ನಿಮ್ಮ ಗೆಳೆಯಾರ ಸುದ್ದಿ ಓದಿ ನಮ್ಮಪ್ಪ ನೆನಪಾದ್ರು. ಇಲ್ಲಿ ಬಣ್ಣದ ಮಾತಿಲ್ರಿ, ಆದ್ರ ರೊಕ್ಕದ್ದು ಐತಿ. ರಾತ್ರಿ ನಾಲ್ಕೈದು ಸಲ ಏಳ್ತಿದ್ರು, ವಯಸ್ಸಾತು ಅಂತ ನಾವೂ ಬಿಟ್ವಿ, ಅವರೂ ನಾಚಿಕೊಂಡು ಹೇಳ್ಲಿಲ್ಲ. ಗೊತ್ತಾಗೂದ್ರಾಗ ಮೂಳಿಗೆ ಹೋಗಿತ್ತು. ಡಾಕ್ಟ್ರು ಎರಡು ದಾರಿ ಹೇಳಿದ್ರು, ಮೂರು ತಿಂಗಳಿಗೊಮ್ಮಿ ಹಾರ್ಮೋನ್ ಇಂಜೆಕ್ಷನ್, ಇಲ್ಲಾ ವೃಷಣ ತಗಿಯೂ ಆಪರೇಷನ್, ಎರಡೂ ಈ ಕ್ಯಾನ್ಸರ್ ಬೆಳಸೂ ಗಂಡು ಹಾರ್ಮೋನ್ ಕಡಿಮಿ ಮಾಡಾಕ. 1941ರಾಗ ಚಾರ್ಲ್ಸ್ ಹಗಿನ್ಸ್ ತೋರ್ಸಿದ ದಾರಿ ಅದು, ಅದಕ್ಕ ಮುಂದ ನೊಬೆಲ್ ಸಿಕ್ತು. ಇಂಜೆಕ್ಷನ್‌ಗೆ ರೊಕ್ಕ ಸಾಲಂಗಿಲ್ಲ ಅಂತ ಅಪ್ಪಾರೇ ಆಪರೇಷನ್ ಅಂದ್ರು. ಇಂಜೆಕ್ಷನ್ ಮಾಡೂ ಕೆಲಸ ಆಪರೇಷನ್ನೂ ಮಾಡತೈತಿ, ಆದ್ರ ರೊಕ್ಕ ಇದ್ದಾವಗ ಆರಿಸ್ಕೊಳ್ಳೂದು ಇರತೈತಿ, ನಮಗ ಇರ್ಲಿಲ್ಲ. ಜೊತಿಗೆ ಆ ಹಾರ್ಮೋನ್ ಇನ್ನೂ ಕಡಿಮಿ ಮಾಡೂ ಅಬಿರಾಟೆರಾನ್ ಅನ್ನೂ ಮಾತ್ರಿ, ಅದರ ಅಗ್ಗದ ಜನರಿಕ್, ಕೊಟ್ರು, ಮೂರು ವರ್ಷ ಚಲೋ ಇದ್ರು, ಮೊಮ್ಮಗಳ ಶಾಲಿಗೆ ತಾವೇ ಬಿಟ್ಟು ಬರ್ತಿದ್ರು. ನಿಮ್ಮ ಗೆಳೆಯಾರಿಗೆ ಬರೀ ಇಂಜೆಕ್ಷನ್ ಕೊಟ್ಟು ಕಳಸ್ಯಾರೋ ಜೊತಿಗೆ ಮಾತ್ರಿನೂ ಕೊಟ್ಟಾರೋ, ಅದನ್ನ ಮೊದಲು ಕೇಳ್ರಿ.

ಅಂಕಿಅಂಶದವಳು

ಹುಬ್ಬಳ್ಳಿಯವರು ಹೇಳಿದ್ದು ತುಂಬಾ ಮುಖ್ಯ. 2017ರಿಂದಲೇ ಗೊತ್ತು, ಮೊದಲ ದಿನದಿಂದ ಹಾರ್ಮೋನ್ ಇಂಜೆಕ್ಷನ್ ಜೊತೆ ಅಬಿರಾಟೆರಾನ್ ಸೇರಿಸಿದ್ರೆ ಜಾಸ್ತಿ ಬದುಕ್ತಾರೆ ಅಂತ. ಇಲ್ಲೂ 2018ರಿಂದ ಜನರಿಕ್ ಸಿಗತ್ತೆ. ಆದ್ರೂ ಎಷ್ಟೋ ಜನಕ್ಕೆ ಬರೀ ಇಂಜೆಕ್ಷನ್ ಕೊಟ್ಟು ಕಳಿಸ್ತಾರೆ.

ಇನ್ನೊಂದು ಕೇಳ್ಬೇಕು. ಅವರು ಯಾವತ್ತಾದ್ರೂ ಸೈನ್ಯದಲ್ಲಿ ಇದ್ರಾ?

ಅಟ್ಲಾಂಟಾ_ಕನ್ನಡಿಗ

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಅವರ ಮನೆಗೆ ಹೋಗಿದ್ದೆ. ಬರೀ ಇಂಜೆಕ್ಷನ್ನೇ ಕೊಟ್ಟಿರೋದು, ಮಾತ್ರೆ ಮಾತೇ ಬಂದಿಲ್ಲ. ಕೆಲ್ಸ ಬಿಟ್ರೆ ಆ ಹೆಸರಿಗಿರೋ ಇನ್ಶೂರೆನ್ಸೂ ಹೋಗತ್ತೆ, ವಯಸ್ಸಾದವರ ಸರ್ಕಾರಿ ಇನ್ಶೂರೆನ್ಸ್ ಆದ ಮೆಡಿಕೇರ್‌ಗೆ 65 ಆಗ್ಬೇಕು, ಬಡವರ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇಡನ್ನ ನಮ್ಮ ಜಾರ್ಜಿಯಾ ರಾಜ್ಯ ಪೂರ್ತಿ ವಿಸ್ತರಿಸಿಲ್ಲ. ಕೆಲ್ಸ ಮಾಡೋಕಾಗದವರಿಗೆ ಸಿಗೋ ಸರ್ಕಾರಿ ಡಿಸೆಬಿಲಿಟಿ ಹಣ ಬೇಗ ಒಪ್ಪಿದ್ರೂ ಅದು ಶುರುವಾದ್ಮೇಲೆ ಮೆಡಿಕೇರ್‌ಗೆ ಇನ್ನೂ 24 ತಿಂಗಳು ಕಾಯ್ಬೇಕಂತೆ. ಇಪ್ಪತ್ನಾಲ್ಕು ತಿಂಗಳು, ಮೇಲೆ ನೀವು ಬರೆದ ಇಪ್ಪತ್ತೊಂದು ತಿಂಗಳು ನೆನಪಾಗಿ ನನಗೆ ಮಾತೇ ಬರ್ಲಿಲ್ಲ.

ಸೈನ್ಯದ ವಿಷ್ಯ ಕೇಳ್ದೆ. ಇದ್ರಂತೆ!! ನಾಲ್ಕು ವರ್ಷ, 1991ರ ಕೊಲ್ಲಿ ಯುದ್ಧದಲ್ಲಿ ಸೌದಿಯಲ್ಲಿ ಟ್ರಕ್ ಓಡಿಸ್ತಿದ್ರು. ಒಂಬತ್ತು ವರ್ಷ ಜೊತೆಗೆ ಊಟ ಮಾಡಿ ನನಗೆ ಗೊತ್ತೇ ಇರ್ಲಿಲ್ಲ. ವಿಎ ಗಾಯ ಆದವರಿಗೆ ಮಾತ್ರ ಅಂತ ಅವರು ಇಷ್ಟು ವರ್ಷ ಅಂದ್ಕೊಂಡಿದ್ರು.

ಅಂಕಿಅಂಶದವಳು

ಹಾಗಿದ್ರೆ ಒಂದಿನಾನೂ ತಡ ಮಾಡ್ಬೇಡಿ. 2022ರ ಪ್ಯಾಕ್ಟ್ ಕಾಯ್ದೆ ಪ್ರಕಾರ ಕೊಲ್ಲಿ ಯುದ್ಧದಲ್ಲಿ ಅಲ್ಲಿ ಇದ್ದವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂದ್ರೆ ಅದು ಸೇವೆಯಿಂದಲೇ ಬಂದಿದ್ದು ಅಂತ ಮೊದಲೇ ಒಪ್ಕೊಂಡು ನೋಡ್ತಾರೆ, ಅವರು ಅದನ್ನ ಬೇರೆ ಸಾಬೀತು ಮಾಡ್ಬೇಕಾಗಿಲ್ಲ. ಕೌಂಟಿಯಲ್ಲಿ ಮಾಜಿ ಸೈನಿಕರ ಅರ್ಜಿಗೆ ಸಹಾಯ ಮಾಡೋರು ಇರ್ತಾರೆ, ಫೀಸ್ ಇಲ್ಲ. ಸೈನ್ಯದಿಂದ ಬಿಡುಗಡೆ ಆದ ಪತ್ರ ಬೇಕು, ಡಿಡಿ 214 ಅಂತಾರೆ. ವಿಎ ಆಸ್ಪತ್ರೆ ನಿಮ್ಮಲ್ಲೇ ಡಿಕೇಟರ್‌ನಲ್ಲಿದೆ.

ಅಟ್ಲಾಂಟಾ_ಕನ್ನಡಿಗ

ಆ ಪತ್ರ ಮೇಕನ್‌ನಲ್ಲಿ ಅವರ ಅಮ್ಮನ ಮನೆ ಟ್ರಂಕ್‌ನಲ್ಲಿ ಇರ್ಬಹುದಂತೆ. ಶನಿವಾರ ಬೆಳಗ್ಗೆ ನಾನೇ ಡ್ರೈವ್ ಮಾಡ್ಕೊಂಡು ಕರ್ಕೊಂಡು ಹೋಗ್ತೀನಿ, ಅವರಿಗೆ ಅಷ್ಟು ಹೊತ್ತು ಕೂರೋಕಾಗಲ್ಲ, ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ಹೋಗ್ಬೇಕು. ಸಿಕ್ಕಿದ ತಕ್ಷಣ ಇಲ್ಲಿ ಬರೀತೀನಿ.