ಅಪ್‌ಡೇಟ್: ಬೈಬಲ್ ಓದು ಅರ್ಧಕ್ಕೇ ನಿಲ್ಲುತ್ತದೆ ಎಂದು ಕೇಳಿದ್ದೆ

ಪ್ರತಿವರ್ಷ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಿಂದ ಉತ್ಸಾಹದಲ್ಲಿ ಹೊರಟು, ವಿಧಿನಿಯಮಗಳೇ ತುಂಬಿರುವ ಮೂರನೆಯ ಪುಸ್ತಕ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಕೈಬಿಡುತ್ತೇನೆ, ಪ್ರಾರ್ಥನೆಯೂ ಬಾಯಿಪಾಠವಾಗಿದೆ, ಏನು ಮಾಡಲಿ ಎಂದು ಮೂರು ತಿಂಗಳ ಹಿಂದೆ ಕೇಳಿದ್ದೆ. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದಾದ ಮಾರ್ಕನದ್ದನ್ನು ದಿನಕ್ಕೊಂದು ಅಧ್ಯಾಯದಂತೆ ಗಟ್ಟಿಯಾಗಿ ಓದಿ, ಓದಿದ ಮಾತನ್ನೇ ಪ್ರಾರ್ಥನೆಯಾಗಿಸಿ, ಅದರಂತೆ ನಡೆಯಿರಿ ಎಂದು ನೀವು ಹೇಳಿದ್ದಿರಿ.

ಆ 16 ಅಧ್ಯಾಯಗಳು ಹದಿನಾರು ದಿನಗಳಲ್ಲಿ ಮುಗಿಯಲಿಲ್ಲ. ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ವಿರೋಧವಿದ್ದರೆ ಕ್ಷಮಿಸಬೇಕೆನ್ನುವ 11ನೆಯ ಅಧ್ಯಾಯದ 25ನೆಯ ವಚನದಲ್ಲಿ ಒಂಬತ್ತು ದಿನ ಸಿಕ್ಕಿಕೊಂಡೆ. ಏಕೆಂದರೆ ಕಾಪುವಿನ ನಮ್ಮ ಹಿತ್ತಿಲಿನ ಪಾಗಾರದ (ಆವರಣ ಗೋಡೆಯ) ವಿಷಯವಾಗಿ ಅಣ್ಣನೊಡನೆ ನಾಲ್ಕು ವರ್ಷಗಳಿಂದ ಮಾತಿರಲಿಲ್ಲ. (ಓದುವುದು ಸುಲಭ ಎಂದವರು ಈ ವಚನವನ್ನು ಓದಿರಲಿಕ್ಕಿಲ್ಲ.) ಕೊನೆಗೆ ಒಂದು ಭಾನುವಾರ ಆರಾಧನೆ ಮುಗಿಸಿ ನೇರವಾಗಿ ಅವನ ಮನೆಗೆ ಹೋದೆ. ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಅಣ್ಣ ತಲೆಯೆತ್ತಲಿಲ್ಲ. ಅತ್ತಿಗೆಯೇ ಬೊಂಡ (ಎಳನೀರು) ಕೆತ್ತಿ ಕೈಗಿತ್ತರು. ಪಾಗಾರದ ತಕರಾರು ಈಗಲೂ ಇತ್ಯರ್ಥವಾಗಿಲ್ಲ, ಆದರೆ ಹೊರಡುವಾಗ ಅಣ್ಣ, "ಮಳೆಗೆ ಮೊದಲು ಮನೆ ಮುಟ್ಟು" ಎಂದ.

ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕರಾವಳಿಯಲ್ಲಿ ಹುಟ್ಟಿದ ಸಭೆಗಳಲ್ಲೊಂದು ನಮ್ಮದು. ಅಜ್ಜಿಯ ಕಾಲದ ಸಂಜೆಯ ಪ್ರಾರ್ಥನೆ ನಮ್ಮ ಮನೆಯಲ್ಲಿ ಟಿವಿಗೆ ಜಾಗ ಬಿಟ್ಟುಕೊಟ್ಟಿತ್ತು; ಈಗ ಏಳೂವರೆಗೆ ಮತ್ತೆ ಆರಂಭವಾಗಿದೆ. ಬೈಬಲಿನ 119ನೆಯ ಕೀರ್ತನೆಯ 176 ವಚನಗಳು ಹೀಬ್ರೂ ಮೂಲದಲ್ಲೇ ಎಂಟೆಂಟರ 22 ಭಾಗಗಳಾಗಿರುವುದರಿಂದ, ದಿನಕ್ಕೊಂದು ಭಾಗವನ್ನು ಮಕ್ಕಳೇ ಓದುತ್ತಾರೆ. ಯಾಜಕಕಾಂಡಕ್ಕೆ ನಾನಿನ್ನೂ ಮರಳಿಲ್ಲ.