ರೇಡಾರ್ ಡಿಟೆಕ್ಟರ್‌ನಲ್ಲಿ ಪ್ರೊಸೆಸರ್ ವೇಗ ಹೆಚ್ಚಿದ್ದರೆ ಅಲರ್ಟ್ ಬೇಗ ಬರುತ್ತದೆಯೇ?

ಹೆದ್ದಾರಿ_88

ಕಾರಿಗೆ ರೇಡಾರ್ ಡಿಟೆಕ್ಟರ್ (ವೇಗ ಅಳೆಯುವ ಸ್ಪೀಡ್ ಗನ್‌ನ ಸಿಗ್ನಲ್ ಹಿಡಿದು ಎಚ್ಚರಿಸುವ ಯಂತ್ರ) ಬೇಕು, ಎರಡು ಮಾಡೆಲ್ ಮುಂದಿವೆ. ಒಂದರ ಪೆಟ್ಟಿಗೆ ಮೇಲೆ ‘ಹೈಸ್ಪೀಡ್ ಡಿಎಸ್‌ಪಿ’ (ಸಿಗ್ನಲ್ ಲೆಕ್ಕಾಚಾರಕ್ಕೆಂದೇ ಇರುವ ಪ್ರೊಸೆಸರ್) ಎಂದು ದೊಡ್ಡದಾಗಿ ಬರೆದಿದ್ದಾರೆ. ಇನ್ನೊಂದರಲ್ಲಿ ಪ್ರೊಸೆಸರ್ ಸುದ್ದಿಯೇ ಇಲ್ಲ, ಆದರೆ ಆಂಟೆನಾ ಹಿಂದೆ ಲೋ ನಾಯ್ಸ್ ಆಂಪ್ಲಿಫೈಯರ್ (ಹೆಚ್ಚು ಗದ್ದಲ ಸೇರಿಸದೆ ದುರ್ಬಲ ಸಿಗ್ನಲನ್ನು ಬಲಪಡಿಸುವ ಭಾಗ) ಇದೆ ಎನ್ನುತ್ತಾರೆ. ಯಾವುದಕ್ಕೆ ಹೆಚ್ಚು ಬೆಲೆ ಕೊಡಬೇಕು? ಕೆ ಬ್ಯಾಂಡ್ ಫಿಲ್ಟರ್ (ಕೆ ಎಂಬ ರೇಡಾರ್ ಬ್ಯಾಂಡಿನ ಸುಳ್ಳು ಅಲರ್ಟ್ ತಡೆಯುವ ಸೆಟ್ಟಿಂಗ್) ಹಾಕಿದಾಗ ಅಲರ್ಟ್ ತಡವಾಗುತ್ತದಲ್ಲ, ಅದು ಪ್ರೊಸೆಸರ್ ನಿಧಾನ ಇರುವುದರಿಂದಲೇ? ಕೆಎ ಬ್ಯಾಂಡನ್ನು ಪೂರ್ತಿ ಹುಡುಕದೆ ಅದರ ಕೆಲವು ತುಂಡು (ಸೆಗ್ಮೆಂಟ್) ಮಾತ್ರ ಆರಿಸಿಕೊಂಡರೆ ನಿಜಕ್ಕೂ ಪ್ರಯೋಜನ ಇದೆಯೇ? ಡಿಟೆಕ್ಟರ್ ಬಳಸಲು ಕಾನೂನಿನ ಅಡ್ಡಿ ಇಲ್ಲದ ಕಡೆಯೇ ಬಳಕೆ, ಹಾಗಾಗಿ ಆ ಚರ್ಚೆ ಇಲ್ಲಿ ಬೇಡ.

ಮೈಕ್ರೋತರಂಗ

ಪ್ರೊಸೆಸರ್‌ನ ಮೆಗಾಹರ್ಟ್ಸ್ ನೋಡಿ ಡಿಟೆಕ್ಟರ್ ಆರಿಸಬೇಡಿ. ಎಷ್ಟು ಬೇಗ ಹಿಡಿಯುತ್ತದೆ ಎನ್ನುವುದನ್ನು ಮೊದಲು ನಿರ್ಧರಿಸುವುದು ಸ್ವೀಪ್.

ಡಿಟೆಕ್ಟರ್ ಎಲ್ಲ ಫ್ರೀಕ್ವೆನ್ಸಿಗಳನ್ನೂ ಒಟ್ಟಿಗೆ ಕೇಳುವುದಿಲ್ಲ. ಒಳಗಿನ ಆಸಿಲೇಟರ್ (ಯಾವ ಫ್ರೀಕ್ವೆನ್ಸಿ ಕೇಳಬೇಕು ಎಂದು ಹೊಂದಿಸುವ ಭಾಗ) ಬ್ಯಾಂಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಾ ಹುಡುಕುತ್ತದೆ, ಇದೇ ಸ್ವೀಪ್. ಕೆ ಬ್ಯಾಂಡ್ 24.05ರಿಂದ 24.25 ಗಿಗಾಹರ್ಟ್ಸ್, ಅಂದರೆ 200 ಮೆಗಾಹರ್ಟ್ಸ್ ಅಷ್ಟೇ. ಕೆಎ ಬ್ಯಾಂಡ್ 33.4ರಿಂದ 36.0, ಅಂದರೆ 2600 ಮೆಗಾಹರ್ಟ್ಸ್, ಹದಿಮೂರು ಪಟ್ಟು. ಸಮಯವೆಲ್ಲ ಖರ್ಚಾಗುವುದು ಅಲ್ಲೇ.

ಜೋರಾಗಿ ಓಡಿಸಿದರೆ ಆಯಿತಲ್ಲ ಎಂದರೆ, ಅದಕ್ಕೆ ರಿಸೀವರ್ ಒಳಗಿನ ಫಿಲ್ಟರ್ ಬಿಡುವುದಿಲ್ಲ (ನೀವು ಕೇಳಿದ ಕೆ ಫಿಲ್ಟರ್ ಅಲ್ಲ, ಒಮ್ಮೆಗೆ ಎಷ್ಟು ಅಗಲದ ತುಂಡನ್ನು ಕೇಳಬೇಕು ಎಂದು ನಿರ್ಧರಿಸುವುದು). ಸ್ವೀಪ್ ಮಾಡುವ ರಿಸೀವರ್‌ನಲ್ಲಿ ಸೆಕೆಂಡಿಗೆ ದಾಟಬಹುದಾದ ಹರ್ಟ್ಸ್ ಸುಮಾರಾಗಿ ಫಿಲ್ಟರ್ ಅಗಲದ ವರ್ಗದಷ್ಟು. ಅಗಲ 1 ಮೆಗಾಹರ್ಟ್ಸ್ ಇದ್ದರೆ ಮಿಲಿಸೆಕೆಂಡಿಗೆ 1 ಗಿಗಾಹರ್ಟ್ಸ್, ಇಡೀ ಕೆಎ 2.6 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಅದೇ ಫಿಲ್ಟರನ್ನು 100 ಕಿಲೋಹರ್ಟ್ಸ್‌ಗೆ ಕಿರಿದು ಮಾಡಿ: ನಾಯ್ಸ್ 10 ಡೆಸಿಬೆಲ್ ಇಳಿಯುತ್ತದೆ, ಸಮಯ ನೂರು ಪಟ್ಟು ಏರಿ 260 ಮಿಲಿಸೆಕೆಂಡ್ ಆಗುತ್ತದೆ. ಎಂಥ ಪ್ರೊಸೆಸರ್ ಹಾಕಿದರೂ ಈ ಮಿತಿ ಸರಿಯುವುದಿಲ್ಲ. ದೂರ ಬೇಕೋ ವೇಗ ಬೇಕೋ ಎಂಬ ಹಗ್ಗಜಗ್ಗಾಟ ಹುಟ್ಟುವುದು ಇಲ್ಲಿ.

ಪ್ರೊಸೆಸರ್‌ಗೆ ನಿಜವಾದ ಕೆಲಸ ಸಿಗುವುದು ವಿನ್ಯಾಸವನ್ನೇ ಬದಲಿಸಿದಾಗ. ಒಮ್ಮೆಗೆ 10 ಮೆಗಾಹರ್ಟ್ಸ್ ತುಂಡನ್ನು ಡಿಜಿಟಲ್ ಆಗಿ ಹಿಡಿದು 1024 ಬಿಂದುಗಳ ಎಫ್‌ಎಫ್‌ಟಿ (ಸಿಗ್ನಲ್‌ನಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಇದೆ ಎಂದು ಬಿಡಿಸುವ ಲೆಕ್ಕ) ಮಾಡಿದಿರಿ ಎನ್ನಿ. ಸ್ಯಾಂಪಲ್ ಕೂಡಿಸಲು ಸುಮಾರು 100 ಮೈಕ್ರೋಸೆಕೆಂಡ್, ಸಿಗುವ ವಿಂಗಡಣೆ ಸುಮಾರು 10 ಕಿಲೋಹರ್ಟ್ಸ್. ಕೆಎಗೆ ಅಂಥ 260 ತುಂಡು ಬೇಕು. ಪ್ರತಿ ಜಿಗಿತಕ್ಕೆ ಆಸಿಲೇಟರ್ ನೆಲೆಗೊಳ್ಳಲು 50 ಮೈಕ್ರೋಸೆಕೆಂಡ್ ಸೇರಿಸಿದರೂ ಒಟ್ಟು 40 ಮಿಲಿಸೆಕೆಂಡ್ ಆಸುಪಾಸು. ಒಂದು ಎಫ್‌ಎಫ್‌ಟಿಗೆ ಸುಮಾರು 50 ಸಾವಿರ ಲೆಕ್ಕಾಚಾರ, ಅಂದರೆ ಸೆಕೆಂಡಿಗೆ 30 ಕೋಟಿಗೂ ಮೇಲೆ. ಸಾಮಾನ್ಯ ಮೈಕ್ರೋಕಂಟ್ರೋಲರ್ ಇಲ್ಲಿ ಸೋಲುತ್ತದೆ, ಒಳ್ಳೆಯ ಡಿಎಸ್‌ಪಿ ಅಥವಾ ಎಫ್‌ಪಿಜಿಎ (ಬೇಕಾದ ಕೆಲಸಕ್ಕೆ ಒಳಜೋಡಣೆ ಹೊಂದಿಸಿಕೊಳ್ಳಬಹುದಾದ ಚಿಪ್) ಬೇಕೇ ಬೇಕು. ಹಾಗಾಗಿ ‘ಹೈಸ್ಪೀಡ್ ಡಿಎಸ್‌ಪಿ’ ಎಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಅದು ಸಿಗ್ನಲನ್ನೇ ಬಿಡಿಸಿ ನೋಡುತ್ತಿದೆಯೋ, ಅಥವಾ ಹಳೆಯ ಸ್ವೀಪ್‌ನ ಕೊನೆಗೆ ಪರದೆ, ಧ್ವನಿ, ಜಿಪಿಎಸ್ ನಡೆಸುತ್ತಿದೆಯೋ?

ಮೂರನೆಯ ದಾರಿಯೂ ಇದೆ. 2020ರಲ್ಲಿ ಬಂದ ವ್ಯಾಲೆಂಟೈನ್ ಒನ್ ಜೆನ್2 ಎಂಬ ಡಿಟೆಕ್ಟರ್‌ನಲ್ಲಿ ಸಿಗ್ನಲನ್ನು ಒತ್ತಿ ಚೂಪು ಮಾಡುವ ಕೆಲಸ ಸಾ (SAW) ಫಿಲ್ಟರ್‌ನದು, ಅಂದರೆ ಸಿಗ್ನಲನ್ನು ಹರಳಿನ ಮೇಲ್ಮೈಯ ಕಂಪನವಾಗಿ ಹರಿಸುವ ಬಿಡಿಭಾಗ. ಸಾಫ್ಟ್‌ವೇರಿಗೆ ಬೀಳಬಹುದಾಗಿದ್ದ ಹೊರೆಯನ್ನು ಅಲ್ಲಿ ಹಾರ್ಡ್‌ವೇರೇ ಹೊರುತ್ತದೆ.

ಸೆಗ್ಮೆಂಟ್_9

ಮೇಲಿನವರು ಹೇಳಿದ್ದು ಸರಿ. ಕೆ ಫಿಲ್ಟರ್ ಹಾಕಿದಾಗಿನ ತಡದ ಬಗ್ಗೆ ನಾನು ಸೇರಿಸುತ್ತೇನೆ.

ಅದು ಪ್ರೊಸೆಸರ್ ನಿಧಾನವಾಗಿರುವುದರಿಂದ ಅಲ್ಲ, ಬೇಕೆಂದೇ ಕಾಯುವುದು. ಪಕ್ಕದ ಕಾರಿನ ಬ್ಲೈಂಡ್ ಸ್ಪಾಟ್ ಸೆನ್ಸರ್ (ಕನ್ನಡಿಗೆ ಕಾಣದ ಜಾಗದ ವಾಹನ ಗುರುತಿಸುವ ಪುಟ್ಟ ರೇಡಾರ್) 24 ಗಿಗಾಹರ್ಟ್ಸ್‌ನದಾದರೆ ಅದೂ ಕೆ ಬ್ಯಾಂಡಿನಲ್ಲೇ ಕಾಣುತ್ತದೆ. ಹೊಸ ಕಾರುಗಳು 77 ಗಿಗಾಹರ್ಟ್ಸ್ ಕಡೆ ಹೊರಳುತ್ತಿವೆ, ಆದರೆ ಹಳೆಯವು ಇನ್ನೂ ಬೇಕಾದಷ್ಟು ಓಡಾಡುತ್ತಿವೆ. ಸ್ಪೀಡ್ ಗನ್ ಸಾಮಾನ್ಯವಾಗಿ ಒಂದೇ ಫ್ರೀಕ್ವೆನ್ಸಿಯಲ್ಲಿ ನಿಲ್ಲುತ್ತದೆ, ಬ್ಲೈಂಡ್ ಸ್ಪಾಟ್ ಸೆನ್ಸರ್ ಹರಿದಾಡುತ್ತದೆ. ಹರಿದಾಡುತ್ತಿದೆ ಎಂದು ತಿಳಿಯಲು ಒಂದು ಸ್ವೀಪ್ ಸಾಲದು, ಎರಡು ಮೂರು ಬೇಕು. ಒಂದು ಸುತ್ತಿಗೆ 150 ಮಿಲಿಸೆಕೆಂಡ್ ಹಿಡಿಯುವ ಯಂತ್ರದಲ್ಲಿ ಮೂರು ಸುತ್ತು ಅಂದರೆ 450. ಸುತ್ತು 40ಕ್ಕೆ ಇಳಿದರೆ 120. ವೇಗದ ಸ್ವೀಪ್‌ನ ದೊಡ್ಡ ಲಾಭ ನನ್ನ ಪ್ರಕಾರ ಇದೇ: ಅದೇ ಸಮಯದಲ್ಲಿ ಹೆಚ್ಚು ಸಾಕ್ಷಿ ಸಿಗುತ್ತದೆ, ಸುಳ್ಳು ಅಲರ್ಟ್ ಕಡಿಮೆಯಾಗುತ್ತದೆ.

100 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ, 300 ಮಿಲಿಸೆಕೆಂಡ್ ಅಂದರೆ 8 ಮೀಟರ್. ಗನ್ ಸದಾ ಆನ್ ಇದ್ದರೆ ಈ 8 ಮೀಟರ್ ಲೆಕ್ಕಕ್ಕಿಲ್ಲ. ಆದರೆ ಮುಂದಿನ ವಾಹನಕ್ಕೆ ಅರ್ಧ ಸೆಕೆಂಡ್ ಗುಂಡಿ ಒತ್ತಿ ಬಿಟ್ಟರೆ, 450 ಮಿಲಿಸೆಕೆಂಡ್ ಕಾಯುವ ಡಿಟೆಕ್ಟರ್ ಆ ಸಿಗ್ನಲನ್ನು ಕಳೆದುಕೊಳ್ಳುವ ಅಂಚಿನಲ್ಲಿರುತ್ತದೆ.

ಕೆಎ ಸೆಗ್ಮೆಂಟ್‌ಗೆ ಬರೋಣ. ಗನ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು 33.8, 34.7, 35.5 ಗಿಗಾಹರ್ಟ್ಸ್. ಪ್ರತಿಯೊಂದರ ಸುತ್ತ 100 ಮೆಗಾಹರ್ಟ್ಸ್ ಆಚೀಚೆ ಇಟ್ಟರೆ ಒಟ್ಟು 600, ಅಂದರೆ ಹುಡುಕಾಟ ಕಾಲುಭಾಗಕ್ಕೆ ಇಳಿಯುತ್ತದೆ. ಅದಕ್ಕಿಂತ ಕಿರಿದು ಮಾಡಬೇಡಿ. ಗನ್‌ನ ಆಸಿಲೇಟರ್ ಬಿಸಿಗೆ, ವಯಸ್ಸಿಗೆ ಸರಿಯುತ್ತದೆ. ನಿಮ್ಮ ಪ್ರದೇಶದಲ್ಲಿ ಬೇರೆ ಫ್ರೀಕ್ವೆನ್ಸಿಯ ಗನ್ ಬಳಕೆಯಲ್ಲಿದ್ದರೆ ಆ ಸೆಗ್ಮೆಂಟ್ ಬಿಟ್ಟರೆ ಡಿಟೆಕ್ಟರ್ ಪೂರ್ತಿ ಕುರುಡು, ಆದ್ದರಿಂದ ಮೊದಲು ಅದನ್ನು ಖಚಿತ ಮಾಡಿಕೊಳ್ಳಿ. ಬಳಕೆಯಲ್ಲಿಲ್ಲದ ಎಕ್ಸ್ ಬ್ಯಾಂಡ್ ಆಫ್ ಮಾಡಿ. ಪಾಪ್ ಮೋಡ್ (ಗನ್ ಕಳಿಸುವ ಅತಿ ಚಿಕ್ಕ ಸಿಗ್ನಲ್ ಹಿಡಿಯುವ ಸೆಟ್ಟಿಂಗ್) ಕೂಡ ಆಫ್ ಇರಲಿ: 67 ಮಿಲಿಸೆಕೆಂಡಿನ ಸಿಗ್ನಲ್ ಹಿಡಿಯಲು ಡಿಟೆಕ್ಟರ್ ಖಚಿತಪಡಿಸಿಕೊಳ್ಳುವುದನ್ನೇ ಬಿಡಬೇಕಾಗುತ್ತದೆ, ಆಮೇಲೆ ಸುಳ್ಳು ಅಲರ್ಟ್‌ಗೆ ಕೊನೆ ಇರುವುದಿಲ್ಲ. ಮಲ್ಟಾರಡಾರ್ (ಕೆ ಬ್ಯಾಂಡಿನ ಒಂದು ಬಗೆಯ ಸ್ಪೀಡ್ ಕ್ಯಾಮೆರಾ ರೇಡಾರ್) ಬಳಸುವ ಕಡೆ ಇನ್ನೊಂದು ಎಚ್ಚರ ಬೇಕು. ಅದರ ಸಿಗ್ನಲ್ ದುರ್ಬಲ, ನೋಡಲು ಬ್ಲೈಂಡ್ ಸ್ಪಾಟ್ ಸೆನ್ಸರ್‌ನಂತೆಯೇ ಇರುತ್ತದೆ, ಬಿಗಿ ಫಿಲ್ಟರ್ ಅದನ್ನೂ ನುಂಗುತ್ತದೆ.

ಹೆದ್ದಾರಿ_88

ಇಬ್ಬರಿಗೂ ಧನ್ಯವಾದ. ಕಂಪನಿಗಳು ಸ್ವೀಪ್ ಸಮಯವನ್ನು ಎಲ್ಲೂ ಬರೆಯುವುದಿಲ್ಲವಲ್ಲ, ನಾವೇ ಅಳೆಯಲು ಸಾಧ್ಯವೇ?

ಬೆಸುಗೆಕಡ್ಡಿ

ಕೆ ಬ್ಯಾಂಡಿಗೆ ಖಂಡಿತ ಸಾಧ್ಯ. ಸಿಡಿಎಂ324 ಎಂಬ ಪುಟ್ಟ ಡಾಪ್ಲರ್ ಮಾಡ್ಯೂಲ್ (ಚಲನೆ ಗುರುತಿಸುವ ರೇಡಾರ್) ಸಿಗುತ್ತದೆ, 24.125 ಗಿಗಾಹರ್ಟ್ಸ್, 5 ವೋಲ್ಟ್. (ಎಚ್‌ಬಿ100 ಕೊಳ್ಳಬೇಡಿ, ಅದು 10.525, ಎಕ್ಸ್ ಬ್ಯಾಂಡ್.) ಮಾಡ್ಯೂಲಿನ 5 ವೋಲ್ಟ್ ದಾರಿಯಲ್ಲಿ ಸ್ವಿಚ್ ಆಗಿ ಪಿ-ಚಾನಲ್ ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಹಾಕಿ, ಯಾವುದಾದರೂ ಮೈಕ್ರೋಕಂಟ್ರೋಲರ್‌ನಿಂದ ಅದನ್ನು ಆನ್ ಆಫ್ ಮಾಡಿ. ಅದೇ ದಾರಿಗೆ 470 ಓಮ್ ಜೊತೆ ಒಂದು ಎಲ್‌ಇಡಿ ಸೇರಿಸಿ, ಸಿಗ್ನಲ್ ಹೊರಟ ಕ್ಷಣ ಕಣ್ಣಿಗೆ ಕಾಣಬೇಕು.

ಸಿಗ್ನಲ್ ಅವಧಿ 20, 50, 100, 200, 500 ಮಿಲಿಸೆಕೆಂಡ್ ಇಟ್ಟು, ಪ್ರತಿಯೊಂದನ್ನೂ ಕನಿಷ್ಠ 50 ಸಲ ಕಳಿಸಿ, ಎಷ್ಟು ಸಲ ಕೂಗಿತು ಎಂದು ಬರೆದುಕೊಳ್ಳಿ. ಸಲಕ್ಕೂ ಸಲಕ್ಕೂ ನಡುವಿನ ಬಿಡುವು ಒಂದೇ ಸಮ ಇರಬಾರದು, 5ರಿಂದ 9 ಸೆಕೆಂಡ್ ನಡುವೆ ಬದಲಾಗಲಿ. ಇಲ್ಲದಿದ್ದರೆ ಸ್ವೀಪ್ ಜೊತೆ ತಾಳ ಕೂಡಿ ಫಲಿತಾಂಶ ಮೋಸ ಮಾಡುತ್ತದೆ. ಹಿಂದಿನ ಅಲರ್ಟ್ ಪೂರ್ತಿ ಆರುವವರೆಗೂ ಕಾಯಬೇಕು. ಯಾವ ಅವಧಿಯಿಂದ ಮೇಲೆ ಒಂದೂ ತಪ್ಪುವುದಿಲ್ಲವೋ ಅದೇ ನಿಮಗೆ ಬೇಕಾದ ಸಂಖ್ಯೆ. ತಡ ಅಳೆಯಲು ಎಲ್‌ಇಡಿ ಮತ್ತು ಡಿಟೆಕ್ಟರ್ ಪರದೆ ಎರಡೂ ಕಾಣುವಂತೆ ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮ್ ವಿಡಿಯೊ ತೆಗೆದು ಫ್ರೇಮ್ ಎಣಿಸಿ, ಒಂದು ಫ್ರೇಮ್ ಅಂದರೆ 4.2 ಮಿಲಿಸೆಕೆಂಡ್.

ಮೊದಲು ಕೆ ಫಿಲ್ಟರ್ ಆಫ್ ಮಾಡಿ ಅಳೆಯಿರಿ, ಆಮೇಲೆ ಆನ್. ಎರಡರ ವ್ಯತ್ಯಾಸವೇ ಫಿಲ್ಟರಿನ ತಡ. ಬಳಿಕ ಕೆಎಯನ್ನು ಪೂರ್ತಿ ಆಫ್ ಮಾಡಿ ಮತ್ತೆ ಅಳೆದರೆ, ಕೆಎ ಹುಡುಕಾಟ ಎಷ್ಟು ಸಮಯ ತಿನ್ನುತ್ತಿತ್ತು ಎನ್ನುವುದೂ ಗೊತ್ತಾಗುತ್ತದೆ. ಇಲ್ಲಿ ಕೈಕೊಡುವ ಸಂಗತಿ ಎರಡು. ಮಾಡ್ಯೂಲ್ ತೀರ ಹತ್ತಿರ ಇದ್ದರೆ ಡಿಟೆಕ್ಟರ್ ಒಳಗಿನ ಮಿಕ್ಸರ್ (ಬಂದ ಸಿಗ್ನಲನ್ನು ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸುವ ಭಾಗ) ಉಸಿರುಗಟ್ಟಿ ಬೇರೆ ಬ್ಯಾಂಡಿನಲ್ಲೂ ಹುಸಿ ಅಲರ್ಟ್ ಬರುತ್ತದೆ, ಅದಕ್ಕೆ ಮಾಡ್ಯೂಲನ್ನು ಗೋಡೆ ಕಡೆ ತಿರುಗಿಸಿ ಬಲ ತಗ್ಗಿಸಿ. ಇನ್ನೊಂದು, ವಿದ್ಯುತ್ ಕೊಟ್ಟ ಕೂಡಲೇ ಮಾಡ್ಯೂಲಿನ ಫ್ರೀಕ್ವೆನ್ಸಿ ಸ್ವಲ್ಪ ಸರಿಯುತ್ತದೆ. ಬಿಗಿ ಫಿಲ್ಟರ್ ಅದನ್ನೇ ಬ್ಲೈಂಡ್ ಸ್ಪಾಟ್ ಸೆನ್ಸರ್ ಎಂದು ತಳ್ಳಿಹಾಕಬಹುದು, ಹಾಗಾಗಿ ಫಿಲ್ಟರ್ ಆನ್ ಇದ್ದಾಗ 20 ಮತ್ತು 50ರ ಅಂಕಿಗಳನ್ನು ಹೆಚ್ಚು ನಂಬಬೇಡಿ.

ಮೈಕ್ರೋತರಂಗ

ಆಯ್ಕೆಯ ಪ್ರಶ್ನೆಗೆ ನೇರ ಉತ್ತರ ಬಾಕಿ ಇತ್ತು: ಲೋ ನಾಯ್ಸ್ ಆಂಪ್ಲಿಫೈಯರ್ ಇರುವುದನ್ನು ತೆಗೆದುಕೊಳ್ಳಿ. ಅಡ್ಡಿ ಇಲ್ಲದ ನೇರ ದಾರಿಯಲ್ಲಿ 6 ಡೆಸಿಬೆಲ್ ಉಳಿಸಿದರೆ ದೂರ ಎರಡು ಪಟ್ಟು, 3 ಉಳಿಸಿದರೆ 1.4 ಪಟ್ಟು. ಗಾಜಿನ ಮೇಲೆ ಲೋಹದ ಲೇಪನ ಇದ್ದರೆ ಈ ಲಾಭ ಅಲ್ಲೇ ಹೋಗಿಬಿಡುತ್ತದೆ. ಕನ್ನಡಿಯ ಬಳಿ ಲೇಪನ ಬಿಟ್ಟ ಜಾಗ ಇದ್ದರೆ ಅಲ್ಲೇ ಕೂರಿಸಿ, ವೈಪರ್ ಕಡ್ಡಿ ಡಿಟೆಕ್ಟರ್‌ನ ಹಾರ್ನ್ ಆಂಟೆನಾಗೆ ಅಡ್ಡ ಬರದಿರಲಿ.

ಲೇಸರ್‌ಗೆ ಈ ಯಾವ ಲೆಕ್ಕವೂ ಸಲ್ಲದು. 904 ನ್ಯಾನೊಮೀಟರ್ ಬೆಳಕನ್ನು ಫೋಟೊಡಯೋಡ್ ನೇರ ಹಿಡಿಯುತ್ತದೆ, ಸ್ವೀಪ್ ಇಲ್ಲ. ಕಿರಣದ ಹರವು 3 ಮಿಲಿರೇಡಿಯನ್, 300 ಮೀಟರ್ ದೂರದಲ್ಲೂ ಅಗಲ 90 ಸೆಂಟಿಮೀಟರ್ ಮಾತ್ರ. ಡಿಟೆಕ್ಟರ್ ಕೂಗುವ ಹೊತ್ತಿಗೆ ಸಾಮಾನ್ಯವಾಗಿ ನಿಮ್ಮ ವೇಗ ದಾಖಲಾಗಿರುತ್ತದೆ.