ಮನಸ್ಸಿಗೆ ಬಿದ್ದ ಏಟು: ಹಾಸನ ಗುಂಪಿನಲ್ಲಿ ಮನಶ್ಶಾಸ್ತ್ರಜ್ಞೆ ಜೊತೆ ಭಾನುವಾರದ ಪ್ರಶ್ನೋತ್ತರ

ಕಾಫಿಕಣ: ಮೇಡಂ, ಸಕಲೇಶಪುರ ಕಡೆಯವನು. ಐದು ತಿಂಗಳ ಹಿಂದೆ ತೋಟದಲ್ಲಿ ನನ್ನ ತಮ್ಮನ ಕಣ್ಣೆದುರೇ ಜೊತೆ ಕೆಲಸದವನನ್ನು ಆನೆ ತುಳಿದು ಕೊಂದಿತು. ತಮ್ಮ ಈಗ ತೋಟಕ್ಕೆ ಕಾಲಿಡಲ್ಲ. ಹಲಸಿನ ಹಣ್ಣಿನ ವಾಸನೆಗೇ ಬೆವರುತ್ತಾನೆ. ಹೆಂಡತಿ ಜೊತೆಗೂ ಮಾತಿಲ್ಲ. ‘ಅಲ್ಲಿಗೇ ಕರ್ಕೊಂಡು ಹೋಗಿ ನಿಲ್ಲಿಸು, ಭಯ ಬಿಡುತ್ತೆ’ ಅಂತಾರೆ ಮನೇಲಿ.

ಮೇಡಂ: ಎಳೆದುಕೊಂಡು ಹೋಗಬೇಡಿ. ಮೊದಲ ಕೆಲವು ವಾರ ಬೆಚ್ಚಿ ಬೀಳೋದು, ನಿದ್ದೆ ಕೆಡೋದು ಸಹಜ. ಎಷ್ಟೋ ಜನಕ್ಕೆ ತಾನಾಗೇ ಇಳಿಯುತ್ತೆ. ತಿಂಗಳು ದಾಟಿದರೂ ಹೀಗೇ ಇದ್ದರೆ ಪಿಟಿಎಸ್‌ಡಿ (ಆಘಾತದ ನಂತರ ಬಿಡದೆ ಕಾಡೋ ಮಾನಸಿಕ ತೊಂದರೆ) ಇರಬಹುದಾ ಅಂತ ನೋಡಿಸಬೇಕು. ನೀವು ಐದು ತಿಂಗಳು ಕಾದಿದ್ದೀರಿ.

ಅವತ್ತು ಹತ್ತಿರದಲ್ಲಿ ಹಲಸು ಹಣ್ಣಾಗಿತ್ತಾ? ಆನೆ ಅದಕ್ಕೇ ಬರೋದು ಅಲ್ವಾ. ಹಾಗಿದ್ದರೆ ಮೆದುಳು ಆ ವಾಸನೆಯನ್ನೂ ಅಪಾಯವನ್ನೂ ಒಂದೇ ಗಂಟಲ್ಲಿ ಕಟ್ಟಿಟ್ಟಿದೆ. ಅಡುಗೆಮನೆಯಲ್ಲಿ ಹಣ್ಣು ಕೊಯ್ದರೂ ದೇಹ ಓಡೋಕೆ ತಯಾರಾಗುತ್ತೆ. ಇದು ಹೇಡಿತನ ಅಲ್ಲ. ಆ ನೆನಪನ್ನು ಹಂತಹಂತವಾಗಿ ಎದುರಿಸೋ ಚಿಕಿತ್ಸೆ ಇದೆ. ಫ್ರಾನ್ಸಿನ್ ಶಪಿರೊ 1987ರಲ್ಲಿ ಶುರು ಮಾಡಿದ ಇಎಂಡಿಆರ್ (ಆ ನೆನಪು ಮನಸ್ಸಲ್ಲಿಟ್ಟುಕೊಂಡು ಕಣ್ಣನ್ನು ಆಚೀಚೆ ಆಡಿಸೋ ಚಿಕಿತ್ಸೆ) ಕೂಡ ಇದೆ. ಯಾವುದೇ ಇರಲಿ, ತಮ್ಮನ ಒಪ್ಪಿಗೆ ಬೇಕು, ತರಬೇತಿ ಪಡೆದವರೇ ಮಾಡಬೇಕು.

‘ಏನೂ ಆಗಲ್ಲ’ ಅಂತ ಮಾತ್ರ ಹೇಳಬೇಡಿ. ತೋಟಕ್ಕೆ ಆನೆ ಇವತ್ತೂ ಬರುತ್ತೆ, ಅದು ಅವನಿಗೆ ಗೊತ್ತು. ಹೆಂಡತಿ ಕೆದಕೋದು ಬೇಡ, ಸುಮ್ನೆ ಪಕ್ಕ ಕೂತರೂ ಸಾಕು. ಕುಡಿತ ಶುರುವಾಗಿದೆಯಾ? ಸಾಯೋ ಮಾತು ಆಡ್ತಾನಾ? ಇವೆರಡಕ್ಕೆ ಇವತ್ತೇ ಉತ್ತರ ಕೊಡಿ.

ಹೇಮಾವತಿ ದಂಡೆ: ಬ್ರಾಹ್ಮಿ ರಸ, 21 ದಿನ, ಜೊತೆಗೆ ತಾಯತ. ಫಾರ್ವರ್ಡ್ ಮಾಡಿದ್ದೀನಿ ನೋಡಿ. ನೂರಕ್ಕೆ ನೂರು ಗುಣ.

ಮೇಡಂ: ತಾಯತ ಕಟ್ಟಿಕೊಳ್ಳಲಿ, ನನ್ನ ತಕರಾರಿಲ್ಲ. ಅದನ್ನು ನಂಬಿ ಚಿಕಿತ್ಸೆ ಮುಂದೂಡಬೇಡಿ.

ಬೇಲೂರಿನವಳು: ಗಂಡ ಹೊಡೀತಾರೆ, ಆಮೇಲೆ ಅತ್ತು ಕ್ಷಮೆ ಕೇಳ್ತಾರೆ. ಇಬ್ಬರೂ ಒಟ್ಟಿಗೆ ಕೌನ್ಸೆಲಿಂಗ್‌ಗೆ ಬರಬಹುದಾ?

ಮೇಡಂ: ಈಗ ಒಟ್ಟಿಗೆ ಬೇಡ ಅಮ್ಮ. ನನ್ನೆದುರು ಆಡಿದ ಮಾತಿಗೆ ಮನೇಲಿ ಏಟು ಬೀಳಬಹುದು. ಒಬ್ಬರೇ ಬನ್ನಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ರಕ್ಷಣೆಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ.

ಹಳೇ ಮೇಷ್ಟ್ರು: ಸಂಸಾರ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ.

ಆಲೂರು ಹುಡುಗಿ: ಮೇಷ್ಟ್ರೇ, ಅವರು ಹೇಳಿದ್ದು ಮಾತಲ್ಲ, ಏಟು.

ಹಳೇ ಮೇಷ್ಟ್ರು: ನಿಮಗೆ ಮದುವೆ ಆಗಿದೆಯಾ?

ಆಲೂರು ಹುಡುಗಿ: ಓದೋಕೆ ಬರುತ್ತೆ, ಸಾಕು.

ಪಿಯುಸಿ ತಾಯಿ: ಮಗಳಿಗೂ ನಿಮ್ಮ ಕೆಲಸವೇ ಬೇಕಂತೆ. ಎಂ.ಎ ಸಾಕಾ?

ಮೇಡಂ: ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋಕೆ ಸಾಲದು. ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ಮಾನ್ಯತೆ ಇರೋ ಕೋರ್ಸ್, ನೋಂದಣಿ ಎರಡೂ ಬೇಕು.

ಮಂಜು ಮುಸುಕು: ನಿದ್ದೆ ಮಾತ್ರೆ ಹೆಸರು ಹೇಳಿ ಮೇಡಂ.

ಮೇಡಂ: ನಾನು ಮಾತ್ರೆ ಬರೆಯಲ್ಲ. ಅದು ಮನೋವೈದ್ಯರ ಕೆಲಸ.

ಕೆ.ಆರ್.ಪುರಂ ಸದಸ್ಯ: ಫೀಸು ಎಷ್ಟು?

ಮಂಜು ಮುಸುಕು: ಹೆಸರು ಹೇಳಿದ್ರೆ ಸಾಕಿತ್ತು.

ಮೇಡಂ: ಮೇಲೆ ಓದಿ.

ಹೇಮಾವತಿ ದಂಡೆ: ಫಾರ್ವರ್ಡ್ ಯಾರೂ ನೋಡಿಲ್ಲ ಅನ್ಸುತ್ತೆ. ಮತ್ತೆ ಹಾಕ್ತಿದ್ದೀನಿ.

ಮೇಡಂ: ಹಾಕಬೇಡಿ. ಕಾಫಿಕಣ ಅವರೇ, ಎಲ್ಲಿದ್ದೀರಿ?

ಕಾಫಿಕಣ: ಕುಡೀತಾನೆ ಮೇಡಂ. ಎರಡನೇದೂ ಹೌದು. ನಿನ್ನೆ ಅಂದ.

ಮೇಡಂ: ಒಬ್ಬನೇ ಬಿಡಬೇಡಿ. ತೋಟದ ಔಷಧಿ ಡಬ್ಬ, ಕೋವಿ ಎಲ್ಲ ಮನೆಯಿಂದ ಸಾಗಿಸಿ. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಹೊರಡೋ ಮುಂಚೆ 14416ಕ್ಕೆ ಫೋನ್ ಮಾಡಿ, ಟೆಲಿ-ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ. ನಿಮ್ಮ ನಂಬರ್ ನನಗೆ ಇನ್‌ಬಾಕ್ಸ್ ಮಾಡಿ. ಉಳಿದವರು ದಯವಿಟ್ಟು ಸ್ವಲ್ಪ ಹೊತ್ತು ಬರೆಯಬೇಡಿ.

ಕೆ.ಆರ್.ಪುರಂ ಸದಸ್ಯ: ಫೀಸು?